ಗಟ್ಟಿ ಎಲುಬಿನವಳು

ನನ್ನ ಎಲುಬು ಗಟ್ಟಿ ಎಂದು ಮನೆಯವರೆಲ್ಲ ನಂಬಿದ್ದರು. ನಾನೂ ನಂಬಿದ್ದೆ. ನಾನು ದಪ್ಪ ಮೈಯವಳು, ಅಗಲ ಮುಂಗೈಯವಳು. ಮದುವೆಯಾಗಿ ರಾಜೇಶ್ವರಕ್ಕೆ ಬಂದ ಹೊಸತರಲ್ಲಿ ಜೋಳದ ಚೀಲವನ್ನು ಒಬ್ಬಳೇ ಎಳೆದು ಮೂಲೆಗೆ ಸೇರಿಸಿದ್ದನ್ನು ನಮ್ಮ ಅತ್ತೆ ಸಾಯುವ ತನಕ ಬಂದವರಿಗೆಲ್ಲ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಎಲುಬಿನ ಚಿಂತೆ ಎಂದರೆ ಅದು ಗುರಮ್ಮಕ್ಕನ ಚಿಂತೆ, ನನ್ನದಲ್ಲ.

ಗುರಮ್ಮಕ್ಕ ನನ್ನ ಗಂಡನ ಅಣ್ಣನ ಹೆಂಡತಿ. ಭಾವ ತೀರಿಹೋದ ಮೇಲೆ ಅವಳು ಅದೇ ಅಂಗಳದ ಆಚೆ ಬದಿಯ ಎರಡು ಖೋಲಿಗಳಲ್ಲಿ ಒಬ್ಬಳೇ ಇದ್ದಳು. ಅಂಗಳ ಒಂದು, ಒಲೆ ಎರಡು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಸಲಿಗೆಯೂ ಹೆಚ್ಚಿರಲಿಲ್ಲ. ಅವಳು ತೆಳ್ಳಗೆ ಒಣಗಿದ ಮೈಯವಳು. ಐವತ್ತು ದಾಟುತ್ತಲೇ ಬೆನ್ನು ಬಾಗಿತ್ತು. ಒಮ್ಮೆ ಅಂಗಳ ಸಾರಿಸುವಾಗ ಜಾರಿ ಕೈ ಊರಿದ್ದಷ್ಟೇ, ಮಣಿಕಟ್ಟು ಮುರಿಯಿತು. ಹುಮನಾಬಾದಿನ ಎಲುಬಿನ ಡಾಕ್ಟರು ಅವಳ ಎಲುಬು ಒಳಗೇ ಟೊಳ್ಳಾಗಿದೆ ಎಂದರು. ಅಂದಿನಿಂದ ಮನೆಯ ಹಾಲಿನಲ್ಲಿ ಮೊದಲ ಪಾಲು ಅವಳಿಗೆ. ಸುಣ್ಣದಂಥ ದಪ್ಪ ಗುಳಿಗೆಗಳು ಅವಳಿಗೆ.

ನನ್ನ ನೋವು ಮೊಣಕಾಲಿನದು. ನಾನು ಊರಿನ ಹೆಣ್ಣುಮಕ್ಕಳ ಕುಪ್ಪಸ ಹೊಲಿಯುವವಳು. ಎಷ್ಟೋ ವರ್ಷ ಕಾಲಲ್ಲಿ ತುಳಿಯುವ ಯಂತ್ರದ ಮುಂದೆ ಕೂತಿದ್ದೇನೆ. ಮೊದಲು ಏಳುವಾಗ ಮಾತ್ರ ಮೊಣಕಾಲು ಹಿಡಿಯುತ್ತಿತ್ತು. ಆಮೇಲೆ ನೆಲಕ್ಕೆ ಕೂತರೆ ಏಳಲು ಗೋಡೆ ಬೇಕಾಯಿತು. ಆಮೇಲೆ ನೆಲಕ್ಕೆ ಕೂಡುವುದನ್ನೇ ಬಿಟ್ಟೆ. ಸಂಡಾಸಿಗೆ ಹೋಗುವುದು ದಿನದ ದೊಡ್ಡ ಭಯವಾಯಿತು. ಇದನ್ನು ಯಾರೂ ಬರೆಯುವುದಿಲ್ಲ, ಆದರೆ ಮೊಣಕಾಲು ಹೋದ ಹೆಂಗಸರೆಲ್ಲರಿಗೂ ಗೊತ್ತು: ಕೂತ ಮೇಲೆ ಏಳಲಾಗದಿದ್ದರೆ ಯಾರನ್ನು ಕರೆಯುವುದು ಎಂಬ ಲೆಕ್ಕ ಹಾಕಿಕೊಂಡೇ ನಾವು ಒಳಗೆ ಹೋಗುತ್ತೇವೆ. ನೀರು ಕುಡಿಯುವುದನ್ನು ಕಡಿಮೆ ಮಾಡುತ್ತೇವೆ. ನೆಂಟರ ಮನೆಗೆ ಹೋಗುವುದನ್ನು ನಿಲ್ಲಿಸುತ್ತೇವೆ. ಕೇಳಿದವರಿಗೆ ಕೆಲಸವಿದೆ ಎನ್ನುತ್ತೇವೆ.

ಕೊನೆಗೆ ನಮ್ಮ ಮನೆಯವರು ನನ್ನನ್ನೂ ಹುಮನಾಬಾದಿನ ಆ ಡಾಕ್ಟರ ಬಳಿ ಕರೆದುಕೊಂಡು ಹೋದರು. ಅಲ್ಲಿ ಹೊರಗೆ ಕೂತ ಹೆಂಗಸರನ್ನು ನೋಡಿದರೆ ಯಾರದು ಮೊಣಕಾಲು, ಯಾರದು ಬೆನ್ನು ಎಂದು ಕೇಳದೆಯೇ ಗೊತ್ತಾಗುತ್ತಿತ್ತು. ಮೊಣಕಾಲಿನವರು ಕಾಲು ಮುಂದೆ ಚಾಚಿ, ಸೀರೆಯ ಮೇಲೆ ಎರಡೂ ಅಂಗೈ ಊರಿ ಕೂತಿರುತ್ತಾರೆ. ಬೆನ್ನಿನವರು ಕೂಡುವುದೇ ಇಲ್ಲ, ಗೋಡೆಗೆ ಒರಗಿ ನಿಂತಿರುತ್ತಾರೆ. ನಾನು ಕಾಲು ಚಾಚಿದವರ ಸಾಲಿನಲ್ಲಿ ಕೂತೆ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಮಣಕಾಲ ಸವದು ಹೋಗ್ಯಾವ್ರಿ. ಗಿರಣ್ಯಾಗ ಬೀಸೋ ಕಲ್ಲು ಸವೀತಾವಲ್ಲ, ಹಂಗ. ಈ ಅಂಚಿಗಿ ನೋಡ್ರಿ, ಎಲುವಿನ ಮ್ಯಾಲ ಎಲುವು ಬೆಳದದ."

ನಮ್ಮ ಮನೆಯವರು ಊರಲ್ಲಿ ಹಿಟ್ಟಿನ ಗಿರಣಿ ನಡೆಸುವವರು. ಸವೆದ ಕಲ್ಲಿನ ಮಾತು ಅವರಿಗೆ ಥಟ್ಟನೆ ತಿಳಿಯಬೇಕಿತ್ತು. ಅದಕ್ಕಿಂತ ಎರಡನೇ ಮಾತೇ ಅವರ ಮನಸ್ಸಿಗೆ ಹಿಡಿಸಿತು. ಮನೆಗೆ ಬಂದವರೇ ಗುರಮ್ಮಕ್ಕನಿಗೆ ಹೇಳಿದರು: "ವೈನಿ, ಇಕಿಗಿ ಎಲುವು ಕಮ್ಮಿ ಆಗಿಲ್ಲ, ಜಾಸ್ತಿ ಬೆಳದದಂತ!"

ಗುರಮ್ಮಕ್ಕ ನಕ್ಕಳು. "ಹೆಚ್ಚಾಗಿದ್ದು ಜರಾ ನನಗ ಕೊಡು ಸುಮಿತ್ರಾ," ಎಂದಳು.

ಹೀಗೆ ನಮ್ಮ ಮನೆಯಲ್ಲಿ ರೋಗಗಳ ಹಂಚಿಕೆ ಆಯಿತು. ಸವೆದ ಕೀಲು ನನಗೆ, ಟೊಳ್ಳು ಎಲುಬು ಅವಳಿಗೆ. ಒಬ್ಬಳಿಗೆ ಒಂದು ರೋಗ ಬಂದಮೇಲೆ ಇನ್ನೊಂದು ಬರಲಾರದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೂ ಎಲ್ಲರೂ ಹಾಗೆಯೇ ನಡೆದುಕೊಂಡೆವು. ಅವಳು ತನ್ನ ಗುಳಿಗೆಯ ಡಬ್ಬಿಯನ್ನು ಒಮ್ಮೆ ನನ್ನ ಮುಂದೆ ಹಿಡಿದು "ಒಂದು ತಗೋ" ಎಂದಾಗ, "ನಂದು ಎಲುವಿಂದಲ್ಲಕ್ಕ, ಕೀಲಿಂದು" ಎಂದೆ.

ನೋವಿನಿಂದ ನನ್ನ ಓಡಾಟ ನಿಂತಿತು. ಹೊಲದ ಕಡೆ ಹೋಗುವುದು ಬಿಟ್ಟೆ. ಸೊಸೈಟಿ ಅಕ್ಕಿಗೆ, ಮದುವೆ ಮನೆಗೆ, ಎಲ್ಲಿಗೂ ಹೋಗಲಿಲ್ಲ. ಯಂತ್ರಕ್ಕೆ ಮೋಟರು ಹಾಕಿಸಿಕೊಟ್ಟರು. ತುಳಿಯುವ ಕೆಲಸವೂ ತಪ್ಪಿತು. ಬೆಳಗಿನಿಂದ ಸಂಜೆಯ ತನಕ ಖೋಲಿಯ ನೆರಳಲ್ಲಿ ಕುರ್ಚಿಯ ಮೇಲೆ ಕೂತೆ. ಮೈ ಇನ್ನಷ್ಟು ದಪ್ಪವಾಯಿತು. ನೋಡಿದವರು ಆರಾಮಾಗಿದ್ದೀ ಎಂದರು.

ಎರಡೂ ಮೊಣಕಾಲು ಬದಲಿಸುವ ಮಾತು ಬಂದಾಗ ಹುಡಗಿ ಎಂಬ ಊರಿಗೆ ಮದುವೆ ಮಾಡಿಕೊಟ್ಟ ನನ್ನ ಮಗಳು ಸುನೀತಾ ಎಮ್ಮೆಗಳನ್ನು ಅತ್ತೆಗೆ ಒಪ್ಪಿಸಿ ಓಡಿಬಂದಳು. ಮಾಡಿಸಲೇಬೇಕು ಎಂದು ಹಟ ಹಿಡಿದವಳು ಅವಳೇ. ಶಸ್ತ್ರಕ್ಕೆ ಮೊದಲು ಎಲುಬಿನ ಸಾಂದ್ರತೆ ನೋಡೋಣ ಎಂದು ಡಾಕ್ಟರು ಹೇಳಿದ್ದರಿಂದ ಕಲಬುರಗಿಗೆ ಹೋದೆವು. ಗುರಮ್ಮಕ್ಕನೂ ಬಂದಳು, ಅವಳದೂ ಮತ್ತೊಮ್ಮೆ ನೋಡಬೇಕಿತ್ತು. ಒಬ್ಬರಾದ ಮೇಲೆ ಒಬ್ಬರು ಎಲುಬು ನೋಡುವ ಯಂತ್ರದ ಹಲಗೆಯ ಮೇಲೆ ಮಲಗಿದೆವು. ಅಂದು ನನ್ನ ಸೊಂಟದ ಹತ್ತಿರದ ಬೆನ್ನೆಲುಬನ್ನು ಮಾತ್ರ ನೋಡಿದರು. ವಯಸ್ಸಿಗೆ ಬಹಳ ಚಲೋ ಇದೆ ಎಂದು ಹೇಳಿದರು. ಅವಳದು ಇನ್ನೂ ಇಳಿದಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಗುರಮ್ಮಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. "ನಿನಗ ದೇವರು ಚಲೋ ಇಟ್ಟಾನವ್ವ," ಎಂದಳು. ಅದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ.

ತೊಗರಿ ರಾಶಿ ಆದಮೇಲೆ ಮೊಣಕಾಲಿನ ಶಸ್ತ್ರ ಎಂದು ನಿಶ್ಚಯವಾಯಿತು. ಅಷ್ಟರೊಳಗೇ ಅದು ನಡೆದುಹೋಯಿತು.

ಒಂದು ಬೆಳಿಗ್ಗೆ ಬಾಗಿಲ ಮೆಟ್ಟಿಲ ಹತ್ತಿರ ನಿಂತಿದ್ದೆ. ಎಡಗಾಲು ಎತ್ತಿ ಇಡುವಾಗ ಮೊಣಕಾಲು ಸಿಕ್ಕಿಕೊಂಡಂತಾಗಿ ಮೈಯ ಭಾರ ಹಿಂದಕ್ಕೆ ವಾಲಿತು. ಧೊಪ್ಪೆಂದು ಪರಸಿ ಕಲ್ಲಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬಿದ್ದೆ ಎನ್ನಲೂ ಬಾರದು. ಕೂಡಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ ಕೂತೆ, ಅಷ್ಟೇ. ಬೆನ್ನಿನೊಳಗೆ ಏನೋ ಕುಸಿದಂತೆ ಅನಿಸಿತು. ಸದ್ದು ಕೇಳಿತೋ ಇಲ್ಲವೋ, ಈಗ ಖಾತ್ರಿಯಿಲ್ಲ. ಉಸಿರು ಮಾತ್ರ ಒಳಗೇ ನಿಂತಿತು. ಬಾಯಿ ತೆರೆದರೂ ದನಿ ಬರಲಿಲ್ಲ.

"ಏನಾತು?" ಎಂದು ನಮ್ಮ ಮನೆಯವರು ಬಂದರು.

"ಬೆನ್ನು ಹಿಡದದರಿ."

"ಬಿದ್ದಿದ್ದಿಲ್ಲಲ್ಲ. ಕುಂತಿದ್ದಷ್ಟ. ಸೆಳವು ಬಂದಿರಬೇಕು, ಬಿಡ್ತದ."

ಬಿಡಲಿಲ್ಲ. ಮೈ ನೀವಿ ಸೆಳವು ತೆಗೆಯುವ ಹೆಂಗಸನ್ನು ಕರೆಸಿದರು. ಆಕೆ ಎಣ್ಣೆ ಹಚ್ಚಿ, ನಡುವಿನಲ್ಲಿ ಹೆಬ್ಬೆರಳೂರಿ ಮೇಲಿನಿಂದ ಕೆಳಗೆ ಎಳೆದಳು. ನಾನು ಕಿರುಚಿದ್ದಕ್ಕೆ ಅಂಗಳದ ಕೋಳಿಗಳು ಹಾರಿದವು. ಮರುದಿನದಿಂದ ಮಗ್ಗಲು ಬದಲಿಸುವುದೂ ಆಗಲಿಲ್ಲ. ಕೆಮ್ಮು ಬಂದರೆ ತಡೆದುಕೊಳ್ಳುತ್ತಿದ್ದೆ. ಸೀನು ಬರುವ ಸೂಚನೆ ಕಂಡರೆ ಮಂಚದ ಪಟ್ಟಿ ಹಿಡಿದು ಅಳುತ್ತಿದ್ದೆ. ಒಮ್ಮೆ ಕುಕ್ಕರು ಸೀಟಿ ಹೊಡೆದಾಗ ಬೆಚ್ಚಿಬಿದ್ದು, ಅಷ್ಟಕ್ಕೇ ಕಣ್ಣು ಕತ್ತಲಿಟ್ಟಿತು. ಇಷ್ಟಾದರೂ ಎಲುಬಿನ ಸಂಶಯ ಯಾರಿಗೂ ಬರಲಿಲ್ಲ. ಗ್ಯಾಸು ಎಂದರು, ನರ ಎಂದರು, ಕೂತು ಕೂತು ಮೈ ಜಡವಾಗಿದೆ ಎಂದರು. ಎಲುಬಂತೂ ಚಲೋ ಇತ್ತಲ್ಲ, ಕಲಬುರಗಿಯಲ್ಲಿ ನೋಡಿಸಿ ಆಗಿತ್ತಲ್ಲ.

ಹಲವು ವಾರಗಳ ಮೇಲೆ ಬಸವಕಲ್ಯಾಣದ ದವಾಖಾನೆಗೆ ಕರೆದೊಯ್ದರು. ಆಟೋದಲ್ಲಿ ಹಿಂದಿನ ಸೀಟಿನ ಮೇಲೆ ಓರೆಯಾಗಿ ಒರಗಿಸಿ, ಪಕ್ಕದಲ್ಲಿ ನಮ್ಮ ಮನೆಯವರು ಭುಜ ಹಿಡಿದು ಕೂತರು. ರಸ್ತೆಯ ಪ್ರತಿ ಉಬ್ಬು ಬರುವ ಮೊದಲು ಅವರು "ಈಗ ಬಂತು ನೋಡು, ಗಟ್ಟಿ ಹಿಡ್ಕೋ" ಎನ್ನುತ್ತಿದ್ದರು. ಜೀವನದಲ್ಲಿ ಅವರು ನನ್ನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಅಲ್ಲಿ ಜನವೋ ಜನ. ಬೆಂಚಿನಲ್ಲಿ ಜಾಗವಿತ್ತು, ಆದರೆ ನನಗೆ ಕೂಡಲಾಗುತ್ತಿರಲಿಲ್ಲ. ನಿಲ್ಲಲೂ ಆಗುತ್ತಿರಲಿಲ್ಲ. ಗೋಡೆಗೆ ಒರಗಿದೆ. ಬೆನ್ನಿನವರ ಸಾಲಿಗೆ ಬಂದಿದ್ದೇನೆ ಎಂಬುದು ಆಗ ತಲೆಗೆ ಹೊಳೆಯಿತು. ಎದುರಿಗೆ ಕೂತಿದ್ದ ಒಬ್ಬ ಮುದುಕಿ ಎದ್ದು ಬಂದಳು. ತನ್ನ ಶಾಲನ್ನು ಮಡಚಿ ಮಡಚಿ ದಪ್ಪ ಗಂಟಿನಂತೆ ಮಾಡಿ, ನನ್ನ ನಡುವಿಗೂ ಗೋಡೆಗೂ ನಡುವೆ ಇಟ್ಟಳು. "ಐಸಾ ರಖಲೇವ್ ಅಮ್ಮಾ, ಆರಾಮ್ ಹೋತಾ," ಎಂದಳು. ಹಲವು ವಾರಗಳಲ್ಲಿ ನನಗೆ ಸಿಕ್ಕ ಮೊದಲ ಆರಾಮ ಅದು. ನನ್ನನ್ನು ಒಳಗೆ ಕರೆದಾಗ ಶಾಲು ಕೊಡಲು ಹೋದೆ. ಅವಳು ಕೈ ಅಡ್ಡ ಮಾಡಿ, ಮೊದಲು ನೀನು ಹೋಗು ಎಂದು ಸನ್ನೆ ಮಾಡಿದಳು. ಹೊರಗೆ ಬರುವಷ್ಟರಲ್ಲಿ ಅವಳು ಇರಲಿಲ್ಲ. ಆ ಶಾಲು ಇನ್ನೂ ನನ್ನ ಬಳಿಯೇ ಇದೆ.

ಡಾಕ್ಟರು ಹೆಂಗಸು, ವಯಸ್ಸು ನನ್ನ ಮಗಳಷ್ಟೇ. ಎಕ್ಸ್‌ರೇಯ ಮೇಲೆ ಬೆರಳಿಟ್ಟು ತೋರಿಸಿದರು.

"ಅಮ್ಮಾ, ಬೆನ್ನಾಗ ಒಂದು ಎಲುವು ಮುರದು ಕುಸದದ. ಇದು ಹೊಸದು. ಇಲ್ಲಿ ಮ್ಯಾಲ ಇನ್ನೊಂದು ಕುಸದದ, ಇದು ಹಳೇದು. ಇದು ಯಾವಾಗ ಆತು?"

ನನಗೆ ಗೊತ್ತಿರಲಿಲ್ಲ. ನನ್ನ ಮೈಯಲ್ಲಿ ಒಂದು ಎಲುಬು ಎಂದೋ ಮುರಿದಿತ್ತು. ಅದನ್ನು ಹೊತ್ತುಕೊಂಡೇ ನಾನು ರೊಟ್ಟಿ ಬಡಿದಿದ್ದೆ, ಕುಪ್ಪಸ ಹೊಲಿದಿದ್ದೆ, ನನ್ನದು ಗಟ್ಟಿ ಎಲುಬು ಎಂದುಕೊಂಡಿದ್ದೆ.

ನಮ್ಮ ಮನೆಯವರು ತಡೆಯದೆ ಕೇಳಿದರು: "ಇಕಿ ಎಲುವು ಚಲೋ ಅದ ಅಂದಿದ್ರಲ್ಲರಿ? ಯಂತ್ರದಾಗ ನೋಡ್ಯಾರ."

"ಯಂತ್ರದ್ದೂ ತಪ್ಪಿಲ್ಲರಿ," ಎಂದರು ಅವರು ಸಮಾಧಾನದಿಂದ. "ಸವದಿದ್ದಕ್ಕ ಮಣಕಾಲಾಗ ಎಲುವು ಬೆಳದದ ಅಂದಾರಲ್ಲ, ಬೆನ್ನಾಗೂ ಹಂಗೇ ಬೆಳದದ. ಯಂತ್ರ ಅದನ್ನೂ ಕೂಡಿಸಿ ಎಣಿಸ್ಯದ. ಕುಸದ ಎಲುವೂ ಒತ್ತಿಕೊಂಡು ದಪ್ಪ ಕಾಣ್ತದ. ಖರೆ ಗೊತ್ತಾಗಬೇಕಂದ್ರ ತೊಡಿ ಸಂದಿನ ಎಲುವು ನೋಡಬೇಕಿತ್ತು, ಮುಂಗೈ ನೋಡಬೇಕಿತ್ತು."

ಆಮೇಲೆ ನೋಡಿದರು. ತೊಡೆಯ ಸಂದಿನ ಎಲುಬು ಗುರಮ್ಮಕ್ಕನದಕ್ಕಿಂತ ಏನೂ ಮೇಲಿರಲಿಲ್ಲ.

ಆ ದಿನ ಅವರು ಇನ್ನೊಂದು ಮಾತು ಕೇಳಿದರು. "ತಿಂಗಳಿಂದು ಯಾವಾಗ ನಿಂತದರಿ?"

"ಗರ್ಭಚೀಲ ತಗಿಸೇನ್ರಿ."

"ಯಾವ ವಯಸ್ಸಿನಾಗ?"

"ಮೂವತ್ತೈದು ಆಗಿತ್ತೋ ಇಲ್ಲೋ."

ಅವರ ಪೆನ್ನು ನಿಂತಿತು. "ಎಲ್ಲಾ ತಗದಾರೇನು? ಬಾಜೂಕಿನ ಅಂಡಾಶಯ ಸೈತ?"

"ಎಲ್ಲಾ ತಗದೀವಿ, ಇನ್ನ ಚಿಂತಿಲ್ಲ ಅಂದಿದ್ರು."

ಆಗ ನಮ್ಮ ಕಡೆ ಹಾಗೇ ಇತ್ತು. ಹೊಟ್ಟೆನೋವು, ಬಿಳಿ ಹೋಗುವುದು, ಮುಟ್ಟಿನ ತಕಲೀಫು ಎಂದು ಹೋದವರು ಗರ್ಭಚೀಲ ತೆಗೆಸಿಕೊಂಡು ಬರುತ್ತಿದ್ದರು. ಮಕ್ಕಳಾಗಿವೆ, ಇನ್ನೇನು ಕೆಲಸ ಅದಕ್ಕೆ ಎಂದು ಹಿರಿಯರೂ ಹೇಳುತ್ತಿದ್ದರು. ಕೂಲಿಗೆ ಹೋಗುವವರಿಗಂತೂ ತಿಂಗಳ ಕಾಟ ತಪ್ಪಿತು ಎಂಬ ಸಮಾಧಾನ. ಅದರ ಜೊತೆ ಅಂಡಾಶಯವೂ ಹೋದರೆ ಎಲುಬಿನ ಕಾವಲೂ ಹೋಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಅವರು ಕನಿಕರದಿಂದ ನೋಡಿದರು, ಅದರಿಂದ ನನಗೆ ಬಹಳ ಅಂಜಿಕೆಯಾಯಿತು.

ಮೊಣಕಾಲಿನ ಶಸ್ತ್ರ ಮುಂದೆ ಹೋಯಿತು. ಇಷ್ಟು ಮೆತ್ತನೆಯ ಎಲುಬಿನಲ್ಲಿ ಲೋಹ ಕೂಡಿಸಿದರೆ ನಿಲ್ಲುವ ಭರವಸೆಯಿಲ್ಲ, ಮೊದಲು ಎಲುಬಿಗೆ ಔಷಧಿ, ಆಮೇಲೆ ನೋಡೋಣ ಎಂದರು. ನಡುವಿಗೆ ಪಟ್ಟಿ ಬಿಗಿದುಕೊಂಡು ಮನೆಗೆ ಬಂದು ಮಂಚ ಹಿಡಿದೆ.

ಮಲಗಿದವಳಿಗೆ ನೆನಪಾದವರು ಊರಿನ ಮುದುಕಿಯರು. ವಯಸ್ಸಾದಂತೆ ಅವರ ಕುಪ್ಪಸಗಳನ್ನು ನಾನೇ ಬಿಚ್ಚಿ ಬಿಚ್ಚಿ ಹೊಲಿದುಕೊಟ್ಟಿದ್ದೆ. ಬೆನ್ನಿನ ಕಡೆ ಉದ್ದ ಬಿಡಬೇಕು, ಎದೆಯ ಕಡೆ ಗಿಡ್ಡ ಮಾಡಬೇಕು. "ವಯಸ್ಸಾತವ್ವ, ಬೆನ್ನು ಬಗ್ಗಿತು" ಎಂದು ಅವರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಬ್ಬೊಬ್ಬರ ಬೆನ್ನಿನಲ್ಲಿ ಎಷ್ಟು ಎಲುಬು ಹೀಗೆ ಸದ್ದಿಲ್ಲದೆ ಕುಸಿದಿದ್ದವೋ. ನನ್ನ ಸ್ವಂತ ಕುಪ್ಪಸಗಳನ್ನು ನಾನು ದಪ್ಪವಾದೆನೆಂದು ಬದಲಿಸುತ್ತಿದ್ದೆ. ಗಿಡ್ಡವಾಗುತ್ತಿದ್ದೆ ಎಂದು ಗೊತ್ತಾಗಲೇ ಇಲ್ಲ.

ಗುರಮ್ಮಕ್ಕ ಮೊದಲ ದಿನವೇ ತನ್ನ ಒಲೆ ಆರಿಸಿ ನಮ್ಮ ಅಡಿಗೆ ಮನೆಗೆ ಬಂದಳು. ಯಾರೂ ಕರೆದಿರಲಿಲ್ಲ. ನಮ್ಮ ಮನೆಯವರು ಬಡಿದ ರೊಟ್ಟಿ ನೋಡಿ ಅವಳಿಗೆ ತಡೆಯಲಾಗಲಿಲ್ಲವಂತೆ. ಕೆಲಸ ಮುಗಿಸಿ ನನ್ನ ಮಂಚದ ಬಳಿ ಕುರ್ಚಿ ಎಳೆದು ಕೂಡುತ್ತಿದ್ದಳು.

"ಈಗ ನೀನೂ ನನ್ನ ಸಾಲಿಗಿ ಬಂದಿ ನೋಡು," ಎಂದಳು ಒಂದು ಮಧ್ಯಾಹ್ನ.

"ನಿನಗರ ಒಂದೇ ಅಕ್ಕ. ನನಗ ಎರಡೂ."

"ಎರಡು ಹ್ಯಾಂಗ ಆಗ್ತದ? ಒಂದರಾಗ ಬೆಳೀತದ, ಒಂದರಾಗ ಕರಗ್ತದ."

"ಮಣಕಾಲ ನೋವಿಗಿ ನಾ ಕುಂತೆ. ಕುಂತಿದ್ದಕ್ಕ ಎಲುವು ಇನ್ನಷ್ಟು ಕರಗ್ತು. ಹಿಂಗಂತ ಡಾಕ್ಟರಮ್ಮ ಹೇಳಿದ್ರು."

ಅವಳು ತನ್ನ ಬಾಗಿದ ಮಣಿಕಟ್ಟನ್ನು ನೋಡಿಕೊಂಡಳು. "ಸುಮಿತ್ರಾ, ಸಾಯೋದಕ್ಕ ನನಗ ಅಂಜಿಕಿಲ್ಲ. ಬಿದ್ದು ಇನ್ನೊಬ್ಬರ ಕೈಯಾಗ ಇರೋದಕ್ಕ ಅಂಜಿಕಿ. ನನ್ನ ಕೈಲೆ ನೀ ಮೈ ತೊಳಸ್ಕೊಳ್ಳಾಕತ್ತಿ. ನನ್ನ ಮೈ ತೊಳಿಯಾಕ ಯಾರು ಬರ್ತಾರ?"

"ನಾ ಎದ್ದಮ್ಯಾಲ ನಾ ಬರ್ತೀನಿ."

"ಮೊದಲ ನೀ ಏಳು," ಎಂದು ನಕ್ಕು ಎದ್ದು ಹೋದಳು. ಮದುವೆಯಾಗಿ ಇಷ್ಟು ವರ್ಷ ಒಂದೇ ಅಂಗಳದಲ್ಲಿದ್ದು, ಮಂಚ ಹಿಡಿದ ಮೇಲಷ್ಟೇ ನಾನು ಅವಳೊಂದಿಗೆ ಮನಸ್ಸು ಬಿಚ್ಚಿ ಮಾತಾಡಿದೆ.

ನಮ್ಮ ಮನೆಯವರು ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಕೊಳವೆ ಜಡಿಸಿದರು. ಉಳಿ ಸುತ್ತಿಗೆ ಹಿಡಿದು ಬಚ್ಚಲಿನ ನುಣ್ಣನೆಯ ಪರಸಿಯನ್ನು ತಾವೇ ಕೂತು ಕೆತ್ತಿ ಒರಟು ಮಾಡಿದರು. ಇಬ್ಬರು ಹೆಂಗಸರಲ್ಲಿ ಯಾರೂ ಜಾರಬಾರದೆಂದು. ಗುರಮ್ಮಕ್ಕ ಬಿದ್ದದ್ದು ಬಚ್ಚಲಲ್ಲಿ ಅಲ್ಲ.

ಅವಳು ಬಿದ್ದದ್ದು ಅಂಗಳದಲ್ಲಿ. ಸಪಾಟಾದ ನೆಲದಲ್ಲಿ, ಹಾಡುಹಗಲು, ಕೈಯಲ್ಲಿ ಏನೂ ಇಲ್ಲದೆ ನಡೆದು ಬರುವಾಗ. ಬಿದ್ದದ್ದಕ್ಕೆ ಎಲುಬು ಮುರಿದಿರಲಿಕ್ಕಿಲ್ಲ, ಎಲುಬು ಮುರಿದದ್ದಕ್ಕೆ ಬಿದ್ದಿರಬಹುದು ಎಂದು ಆಮೇಲೆ ಡಾಕ್ಟರು ಹೇಳಿದರು. ನಾನು ಒಳಗೆ ಮಂಚದ ಮೇಲಿದ್ದೆ. ಬಾಗಿಲು ತೆರೆದಿತ್ತು. ಅವಳ ಸೀರೆಯ ಅಂಚು ಮತ್ತು ಒಂದು ಪಾದ ಮಾತ್ರ ಕಾಣುತ್ತಿತ್ತು.

"ಸುಮಿತ್ರಾ," ಎಂದಳು. ಕಿರುಚಲಿಲ್ಲ. ಪಕ್ಕದಲ್ಲಿ ಕೂತವಳನ್ನು ಕರೆದಂತೆ ಕರೆದಳು.

ಏಳಲು ಹೋದೆ. ಬೆನ್ನು ಬಿಡಲಿಲ್ಲ. ಮಗ್ಗಲಾಗಿ ಕಾಲು ಇಳಿಬಿಟ್ಟೆ, ಮೊಣಕಾಲು ಮಡಚಲಿಲ್ಲ. ಗಿರಣಿಯ ಕಡೆ ಮುಖ ಮಾಡಿ ನಮ್ಮ ಮನೆಯವರನ್ನು ಕೂಗಿದೆ. ಗಿರಣಿ ಓಡುತ್ತಿತ್ತು. ಅದರ ಸದ್ದಿನಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಕೂಗಿದರೆ ಬೆನ್ನು ಸೀಳುತ್ತಿತ್ತು. ಆದರೂ ಕೂಗಿದೆ. ಆಚೆಯಿಂದ ಅವಳೂ ಕೂಗಿದಳು. ಮನೆಯಲ್ಲಿ ಇಬ್ಬರು ಹೆಂಗಸರು, ಒಬ್ಬಳು ಮಂಚದ ಮೇಲೆ, ಒಬ್ಬಳು ಮಣ್ಣಿನ ಮೇಲೆ, ನಡುವೆ ನಡೆದು ಹೋಗಬಹುದಾದ ಒಂದು ತುಂಡು ಅಂಗಳ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು: "ಸುಮಿತ್ರಾ, ನೀ ಒದರಬ್ಯಾಡ. ನಿನ್ನ ಬೆನ್ನಿಗಿ ತ್ರಾಸ ಆಗ್ತದ. ಯಾರರೆ ಬರ್ತಾರ."

ಹಿಟ್ಟು ಬೀಸಿಸಲು ಬಂದ ನೆರೆಯವಳೊಬ್ಬಳು ನೋಡುವ ತನಕ ಅವಳು ಬಿಸಿಲಲ್ಲೇ ಬಿದ್ದಿದ್ದಳು.

ಸೊಲ್ಲಾಪುರಕ್ಕೆ ಒಯ್ದು ತೊಡೆಯ ಸಂದಿಗೆ ಶಸ್ತ್ರ ಮಾಡಿಸಿದರು. ಅದು ಚೆನ್ನಾಗಿಯೇ ಆಯಿತೆಂದರು. ಆದರೆ ಗುರಮ್ಮಕ್ಕ ಎದ್ದು ನಿಲ್ಲಲು ಒಪ್ಪಲಿಲ್ಲ. ನಿಲ್ಲಿಸಿದರೆ ಮಗುವಿನಂತೆ ನಡುಗುತ್ತಿದ್ದಳು. ಮನೆಗೆ ಬಂದ ಮೇಲೆ ಅವಳ ಮಂಚವನ್ನು ನನ್ನ ಖೋಲಿಯಲ್ಲೇ ಹಾಕಿಸಿದೆ. ಸುನೀತಾ ಬಂದು ಉಳಿದಳು. ಇಬ್ಬರ ಮೈಯನ್ನೂ ಅವಳೇ ತೊಳೆದಳು. ಅಷ್ಟರಲ್ಲಿ ನಾನು ವಾಕರ್ ಹಿಡಿದು ನಿಲ್ಲುವಂತಾಗಿದ್ದೆ. ಒಂದು ದಿನ ಒದ್ದೆ ಬಟ್ಟೆ ಹಿಂಡಿ ನಾನೇ ಗುರಮ್ಮಕ್ಕನ ಮುಖ, ಕುತ್ತಿಗೆ, ಕೈ ಒರೆಸಿದೆ. ಅವಳು ಕಣ್ಣು ಮುಚ್ಚಿಕೊಂಡು ಸುಮ್ಮನೆ ಒರೆಸಿಕೊಂಡಳು. ಎದೆಯಲ್ಲಿ ಕಫ ತುಂಬತೊಡಗಿತ್ತು. ಎಳ್ಳಮಾಸಿಗೆ ಎಲ್ಲರೂ ಹೊಲಕ್ಕೆ ಬುತ್ತಿ ಒಯ್ದರು. ನಾವಿಬ್ಬರೇ ಮನೆಯಲ್ಲಿ ಉಳಿದೆವು. ಹಬ್ಬದ ಸೊಪ್ಪು-ಕಾಳಿನ ಭಜ್ಜಿ ಬೇಕು ಎಂದಳು, ಎರಡು ತುತ್ತು ತಿಂದಳು. ಆ ಹಬ್ಬ ಮುಗಿದ ಕೆಲವೇ ದಿನಗಳಲ್ಲಿ ತೀರಿಕೊಂಡಳು.

ಮಣ್ಣಿಗೆ ನನಗೆ ಹೋಗಲಾಗಲಿಲ್ಲ. ಬಾಗಿಲಲ್ಲಿ ವಾಕರ್ ಹಿಡಿದು ನಿಂತು ನೋಡಿದೆ. ಬೆಳಿಗ್ಗೆ ಎದ್ದಾಗ ಈಗಲೂ ಆಚೆ ಬದಿಯ ಖೋಲಿಯ ಬಾಗಿಲು ತೆರೆದ ಸದ್ದಿಗಾಗಿ ಕಿವಿ ಕಾಯುತ್ತದೆ.

ಇದೆಲ್ಲ ಆಗಿ ಒಂದೆರಡು ವರ್ಷಗಳಾದವು. ನನಗೆ ಗುಣವಾಗಿದೆ ಎಂದು ಹೇಳಲಾರೆ. ಮುರಿದ ಎಲುಬು ಕುಸಿದ ಹಾಗೆಯೇ ಕೂಡಿಕೊಂಡಿದೆ. ವರ್ಷಕ್ಕೊಮ್ಮೆ ಬಸವಕಲ್ಯಾಣಕ್ಕೆ ಹೋಗಿ ಎಲುಬಿನ ಔಷಧಿಯನ್ನು ನರದೊಳಗೆ ಬಿಡಿಸಿಕೊಂಡು ಬರುತ್ತೇನೆ. ಅದಾದ ಮೇಲೆ ಜ್ವರ ಬಂದು ಮೈಯೆಲ್ಲ ಮುರಿದಂತಾಗುತ್ತದೆ, ಆಮೇಲೆ ಇಳಿಯುತ್ತದೆ. ದಿನವೂ ಬಿಸಿಲಲ್ಲಿ ಅಂಗಳದ ಆ ತುದಿಯಿಂದ ಈ ತುದಿಗೆ ನಡೆಯುತ್ತೇನೆ. ಮೊಣಕಾಲು ಉರಿಯುತ್ತದೆ. ಆದರೂ ಕೂಡುವುದಿಲ್ಲ. ಕೂತರೆ ಏನಾಗುತ್ತದೆ ಎಂದು ನೋಡಿದ್ದೇನೆ. ಒಂದು ದಿನ ಬಟ್ಟೆ ಒಣಹಾಕಲು ಹೋದಾಗ ಹಗ್ಗ ಕೈಗೆ ಸಲೀಸಾಗಿ ಸಿಕ್ಕಿತು. ನಮ್ಮ ಮನೆಯವರು ಅದನ್ನು ಯಾವಾಗ ಕೆಳಗೆ ಇಳಿಸಿ ಕಟ್ಟಿದ್ದರೋ, ನನಗೆ ಹೇಳಿರಲಿಲ್ಲ.

ಕಳೆದ ತಿಂಗಳು ಹುಮನಾಬಾದಿನ ಡಾಕ್ಟರು ಬರಹೇಳಿದ್ದರು. ಎಲುಬು ಸ್ವಲ್ಪ ಹಿಡಿದಿದ್ದರೆ ಒಂದು ಮೊಣಕಾಲಾದರೂ ಬದಲಿಸುವ ವಿಚಾರ ಮಾಡೋಣ ಎಂದು. ಸುನೀತಾ ಹುಡಗಿಯಿಂದ ನೇರವಾಗಿ ಅಲ್ಲಿಗೇ ಬಂದಳು. ಇಬ್ಬರೂ ಬೆಂಚಿನ ಮೇಲೆ ಕೂತೆವು. ನನಗೆ ನೀರು ತರುತ್ತೇನೆಂದು ಅವಳು ಎದ್ದಳು.

ಅವಳು ಎದ್ದ ರೀತಿ ನನ್ನ ಕಣ್ಣಿಗೆ ಬಿತ್ತು. ಮೊದಲು ಬೆಂಚಿನ ಅಂಚಿಗೆ ಸರಿದಳು. ಒಂದು ಕೈ ತೊಡೆಯ ಮೇಲೆ ಊರಿದಳು, ಇನ್ನೊಂದು ಕೈಯಿಂದ ಗೋಡೆ ಹಿಡಿದಳು. ಎದ್ದು ನಿಂತು ಒಂದು ಗಳಿಗೆ ಹೆಜ್ಜೆ ಇಡದೆ ಹಾಗೇ ನಿಂತಳು. ಇನ್ನೂ ನಲವತ್ತೈದು ತುಂಬಿಲ್ಲ ಅವಳಿಗೆ.

ನೀರು ತಂದು ಕೊಟ್ಟಾಗ ಕೇಳಿದೆ: "ಮಣಕಾಲ ಯಾವಾಗಿಂದ ನೋಯಾಕತ್ತದ?"

"ಯಾರಿಗಿ? ನನಗ? ಇಲ್ಲವ್ವ. ಬಸ್ಸಿನ್ಯಾಗ ನಿಂತು ಬಂದೀನಿ, ಹಿಡ್ಕೊಂಡದ."

"ಸುನೀತಾ."

ಅವಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತಳು. "ಎರಡು ವರ್ಷದ ಮ್ಯಾಲಾತು. ಎಮ್ಮಿ ಹಿಂಡಾಕ ಕುಂತ್ರ ಏಳಾಕ ಆಗವಲ್ದು. ನಿನಗ ಇಷ್ಟೆಲ್ಲಾ ಇರ್ಬೇಕಾದ್ರ ನಂದೊಂದು ಏನು ಹೇಳ್ಲಿ?"

ಎರಡು ವರ್ಷ. ನಮ್ಮಿಬ್ಬರ ಮೈ ತೊಳೆದದ್ದು, ಎತ್ತಿ ಕೂಡಿಸಿದ್ದು, ಗುರಮ್ಮಕ್ಕನನ್ನು ಮಗ್ಗಲು ಬದಲಿಸಿದ್ದು, ಎಲ್ಲವೂ ಈ ಮೊಣಕಾಲಿನ ಮೇಲೇ. ಅವಳ ಗರ್ಭಚೀಲವನ್ನೂ ತೆಗೆದಿದ್ದಾರೆ. ಮೂರನೆಯ ಹೆರಿಗೆಯಾಗಿ ಸ್ವಲ್ಪ ದಿನಕ್ಕೇ ತೆಗೆದದ್ದು, ಆಗ ಅವಳು ನಾನು ತೆಗೆಸಿಕೊಂಡಾಗ ಇದ್ದದ್ದಕ್ಕಿಂತ ಚಿಕ್ಕವಳು. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಇಷ್ಟು ದಿನ ನನ್ನ ಬೆನ್ನಿನ ನೋವಿನಲ್ಲೇ ಮುಳುಗಿದ್ದೆ.

ಒಳಗಿನಿಂದ ನನ್ನ ಹೆಸರು ಕರೆದರು. ಸುನೀತಾಳ ಕೈ ಹಿಡಿದು ಎದ್ದೆ. ಯಾರು ಯಾರಿಗೆ ಆಸರೆಯೋ ತಿಳಿಯದಂತೆ ಇಬ್ಬರೂ ಒಳಗೆ ಹೋದೆವು. ಡಾಕ್ಟರು ನನ್ನನ್ನು ನೋಡಿ ನಕ್ಕು, "ಬರ್ರಿ ಸುಮಿತ್ರಾಬಾಯಿ, ಕೂಡ್ರಿ. ಮಣಕಾಲ ಹ್ಯಾಂಗ ಅವರಿ?" ಎಂದರು.

ರೋಗಿ ಕೂಡುವ ಕುರ್ಚಿಯನ್ನು ಮಗಳ ಕಡೆ ಸರಿಸಿದೆ.

"ನಂದು ಇರಲ್ರಿ. ಮೊದಲ ಇಕಿನ್ನ ನೋಡ್ರಿ. ಮಣಕಾಲ ಅಷ್ಟ ಅಲ್ಲ, ಎಲುವು ನೋಡ್ರಿ. ತೊಡಿ ಸಂದಿಂದೂ ನೋಡ್ರಿ."

"ಯವ್ವಾ, ಏನು ಮಾಡಾಕತ್ತಿ?" ಸುನೀತಾ ನಾಚಿ ಹಿಂದೆ ಸರಿದಳು. "ಹಂಗೇನಿಲ್ಲರಿ ಸಾಹೇಬ್ರ, ನನಗೇನೂ ಆಗಿಲ್ಲ."

"ನನಗೂ ಏನೂ ಆಗಿದ್ದಿಲ್ಲ," ಎಂದೆ. "ಕೂಡು."

ಅವಳು ಮೇಜಿನ ಅಂಚು ಹಿಡಿದು ನಿಧಾನವಾಗಿ ಕೂತಳು.